ಸೋರೆ ಚಪ್ಪರದ ಪತಂಗ

ಹೊಳೆಯ ದಂಡೆಯಲ್ಲಿ ನೀಲವ್ವನವರ ಆಶ್ರಮವಿತ್ತು. ಕಲಿಕೆ ಮುಗಿಸಿದ ಶಿಷ್ಯರು ಹೊರಡುವ ಮೊದಲು ತಾವೇ ಒಂದು ಸೋರೆ ಬಳ್ಳಿ ಬೆಳೆಸಬೇಕು. ಬಲಿತು ಒಣಗಿದ ಕಾಯಿಯನ್ನು ಕೊರೆದು ನೀರಿನ ಬುರುಡೆ ಮಾಡಿಕೊಂಡು, ಅದನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಲು ಹೊರಡಬೇಕು. ಬುರುಡೆ ಇಲ್ಲದವರಿಗೆ ಅಪ್ಪಣೆ ಇಲ್ಲ.

ಆ ವರ್ಷ ಹೊರಡಬೇಕಾದವನು ಹಾಲಪ್ಪ. ಹಿಡಿದ ಕೆಲಸ ಬಿಡದವನು. ಮೊದಲ ಮಳೆಗೇ ಬೀಜ ಊರಿ, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದ.

ಚಪ್ಪರ ತುಂಬುವ ಹೊತ್ತಿಗೆ ಎಲೆಗಳು ಸುರುಳಿ ಸುತ್ತಿಕೊಂಡವು. ಬಿಡಿಸಿ ನೋಡಿದರೆ ಒಳಗೆ ಹಸಿರು ಹುಳ, ಬೆನ್ನ ಮೇಲೆ ಬಿಳಿ ಗೆರೆ. ಎಲೆಯನ್ನು ಕೆರೆದು ತಿಂದು ನರ ಮಾತ್ರ ಉಳಿಸಿತ್ತು.

ಹಾಲಪ್ಪ ಆ ಎಲೆಯನ್ನು ಒಯ್ದು ಗುರುವಿನ ಮುಂದೆ ಇಟ್ಟ.

"ಅವ್ವಾ, ಹುಳ ಬಿದ್ದಿದೆ."

"ಎಲ್ಲಿಂದ ಬಂತು?"

"ಪತಂಗದ ಮೊಟ್ಟೆಯಿಂದ. ಇಷ್ಟೇ ಇಷ್ಟು ಇರುತ್ತದೆ. ಬಿಳಿ ರೆಕ್ಕೆ, ಕಪ್ಪು ಅಂಚು. ಹುಳ ಆರಿಸುತ್ತ ಕೂತರೆ ಮುಗಿಯುವುದಿಲ್ಲ. ಪತಂಗವನ್ನೇ ಇಲ್ಲವಾಗಿಸುತ್ತೇನೆ."

"ಪತಂಗ ಎಲೆ ತಿನ್ನುವುದನ್ನು ನೋಡಿದೆಯಾ?"

"ಇಲ್ಲ. ಮೊಟ್ಟೆ ಇಡುವುದು ಅದೇ ಅಲ್ಲವೇ?"

"ಚಪ್ಪರ ನಿನ್ನದು," ಎಂದರು ನೀಲವ್ವ.

ಹಾಲಪ್ಪ ಅದನ್ನು ಒಪ್ಪಿಗೆ ಎಂದುಕೊಂಡ. ಅಂದಿನಿಂದ ದಿನವೂ ಮುಸ್ಸಂಜೆಗೆ ಚಪ್ಪರದ ಪಕ್ಕ ಲಾಂದ್ರ ತೂಗುಹಾಕಿ, ಅದರ ಕೆಳಗೆ ಅಗಲವಾದ ಬೋಗುಣಿಯಲ್ಲಿ ನೀರಿಟ್ಟ. ಬೆಳಗಾದರೆ ನೀರಿನ ತುಂಬ ರೆಕ್ಕೆಗಳು. ಬಿಳಿಯವು, ಕಂದು ಬಣ್ಣದವು, ಹೆಸರು ಗೊತ್ತಿಲ್ಲದವು. ಚೆಲ್ಲಿ ಮತ್ತೆ ನೀರು ತುಂಬುತ್ತಿದ್ದ.

ಚಪ್ಪರ ನೋಡುವಂತಾಯಿತು. ಹೊಸ ಎಲೆಗಳಲ್ಲಿ ಒಂದಕ್ಕೂ ತೂತಿಲ್ಲ. ಸಂಜೆಯಾದರೆ ಬಿಳಿ ಹೂಗಳು ಅರಳುತ್ತಿದ್ದವು. ಹೊಳೆ ದಾಟಿ ಬಂದವರು ನಿಂತು ನೋಡಿ ಹೋಗುತ್ತಿದ್ದರು.

ಕಾಯಿ ಮಾತ್ರ ನಿಲ್ಲಲಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಮಿಡಿ ಕಾಣುತ್ತಿತ್ತು. ಹೂ ಬಾಡಿದ ಮೇಲೆ ಹಳದಿಯಾಗಿ ಉದುರುತ್ತಿತ್ತು. ಹಾಲಪ್ಪ ಗೊಬ್ಬರ ಹಾಕಿದ. ನೀರು ಹೆಚ್ಚಿಸಿ ನೋಡಿದ, ಕಡಿಮೆ ಮಾಡಿ ನೋಡಿದ.

ಕೊನೆಗೊಂದು ಸಂಜೆ ಉದುರಿದ ಮಿಡಿಗಳನ್ನು ಬೊಗಸೆಯಲ್ಲಿ ಹಿಡಿದು ನೀಲವ್ವನವರ ಮುಂದೆ ಬಂದು ನಿಂತ.

ಅವರು ಎದ್ದು ಬಂದು ಚಪ್ಪರದ ಕೆಳಗೆ ಕೂತರು. ಹಾಲಪ್ಪ ಲಾಂದ್ರ ಹೊತ್ತಿಸಲು ಹೋದ.

"ಇವತ್ತು ಬೇಡ. ಕೂತುಕೋ."

ಬೆಳಕು ಇಳಿಯಿತು. ಹೂ ಅರಳಿದವು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಹೊಳೆಯ ಕಡೆಯಿಂದ ಒಂದು ಪತಂಗ ಬಂತು. ಗಂಡು ಹೂವಿನ ಮೇಲೆ ಕೂತು, ನೂಲಿನಂಥ ನಾಲಗೆ ಇಳಿಸಿ ಹೀರಿತು. ಮುಖಕ್ಕೆಲ್ಲ ಹೂವಿನ ಪುಡಿ ಮೆತ್ತಿಕೊಂಡು ಹೆಣ್ಣು ಹೂವಿಗೆ ಹಾರಿತು. ಅಲ್ಲಿಂದ ಒಂದು ಎಲೆಯ ಅಡಿಗೆ ಸರಿದು ಹೊಟ್ಟೆ ಬಾಗಿಸಿತು.

ಬಿಳಿ ರೆಕ್ಕೆ, ಕಪ್ಪು ಅಂಚು.

"ಮೊಟ್ಟೆ ಇಡುತ್ತಿದೆ ಅವ್ವಾ."

"ಹೌದು."

"ಹೂವಿಗೆ ಪುಡಿ ತಂದದ್ದೂ ಇದೇ."

"ಹೌದು."

ದಿನವೂ ಬೆಳಗ್ಗೆ ಬೋಗುಣಿಯಿಂದ ಏನು ಚೆಲ್ಲಿದೆನೆಂದು ಹಾಲಪ್ಪನಿಗೆ ಆಗ ತಿಳಿಯಿತು. ಆದರೂ ಅವನು ಸೋತು ಕೂರುವವನಲ್ಲ.

"ಗೊತ್ತಾಯಿತಲ್ಲ, ಇನ್ನು ಪುಡಿಯನ್ನು ನಾನೇ ಒಯ್ಯುತ್ತೇನೆ. ಎಲೆಯೂ ಉಳಿಯುತ್ತದೆ, ಕಾಯಿಯೂ ಸಿಗುತ್ತದೆ. ಪತಂಗದ ಹಂಗೇ ಬೇಡ."

ನೀಲವ್ವ ಒಂದು ಗಂಡು ಹೂ ಕಿತ್ತು ಅವನ ಕೈಗಿಟ್ಟರು. "ಮಾಡು."

ಅವನು ಅದನ್ನು ಹೆಣ್ಣು ಹೂವಿಗೆ ಸವರಿದ. ಕಷ್ಟವೇನೂ ಇರಲಿಲ್ಲ.

"ನಾಳೆ?"

"ನಾಳೆಯೂ ಮಾಡುತ್ತೇನೆ."

"ನೀನು ಹೊರಟ ಮೇಲೆ?"

ಹಾಲಪ್ಪ ಆಚೆ ನೋಡಿದ. ಅಂಬಿಗರ ಮನೆಯ ಬೇಲಿಯ ಮೇಲೆ ಪಡವಲ ಬಳ್ಳಿ. ಅದರ ಹೂವೂ ಬಿಳಿ, ಅದೂ ಸಂಜೆಯೇ ಅರಳುವುದು. ಈ ಸಲ ಪಡವಲ ಕಾಯಿಯೇ ಬಿಟ್ಟಿಲ್ಲವೆಂದು ಆ ಮನೆಯ ರುದ್ರವ್ವ ಹೇಳಿದ್ದು ನೆನಪಾಯಿತು.

ಎದ್ದು ಹೋಗಿ ಬೋಗುಣಿಯನ್ನು ಬೋರಲು ಹಾಕಿದ.

ಮರುದಿನ ರುದ್ರವ್ವನ ಮನೆಗೆ ಹೋಗಿ, ಕಾಯಿ ನಿಲ್ಲದ್ದು ತನ್ನ ಲಾಂದ್ರದಿಂದ ಎಂದು ಹೇಳಿದ.

"ಹಾಗಾದರೆ ಪಡವಲ ಪಲ್ಯ ನೀವೇ ಮಾಡಿ ಹಾಕಬೇಕು ಸ್ವಾಮಿ," ಎಂದು ನಕ್ಕಳು ಅವಳು.

ಪತಂಗಗಳು ಮತ್ತೆ ಬರುವವರೆಗೆ ಅವಳ ಬೇಲಿಯ ಹೂಗಳಿಗೂ ಅವನೇ ಸಂಜೆ ಸಂಜೆ ಪುಡಿ ಸವರಿದ. ತನ್ನ ಬಳ್ಳಿಯಲ್ಲಿ ತಡವಾಗಿ ನಿಂತ ಮಿಡಿಗಳು ಬಲಿಯುವ ಮೊದಲೇ ಬಳ್ಳಿ ಒಣಗಿತು. ಆ ವರ್ಷ ಹೊರಡಲಿಲ್ಲ.

ಮುಂದಿನ ಮಳೆಗೆ ಮತ್ತೆ ಬೀಜ ಊರಿದ. ಹುಳ ಬಂದವು. ಕುಡಿಗೆ ಬಂದವನ್ನು ಕೈಯಿಂದ ಆರಿಸಿ ತೆಗೆದ. ಬುಡದ ಹಳೆ ಎಲೆಗಳನ್ನು ಅವಕ್ಕೇ ಬಿಟ್ಟ. ಚಪ್ಪರ ಅಲ್ಲಲ್ಲಿ ಹರಿದ ಬಟ್ಟೆಯ ಹಾಗೆ ಕಂಡಿತು. ದಾರಿಹೋಕರು ಯಾರೂ ನಿಂತು ನೋಡಲಿಲ್ಲ.

ಕಾಯಿ ಜೋತುಬಿದ್ದವು. ಎಳೆಯವು ಅಡುಗೆಗೆ ಹೋದವು, ಬಲಿತದ್ದೊಂದು ಬುರುಡೆಯಾಯಿತು. ಅದರ ಸಿಪ್ಪೆಯ ಮೇಲೆ ಹುಳ ಕೆರೆದ ಕಲೆ ಉಳಿದಿತ್ತು.

ಹೊರಡುವ ದಿನ ಹಾಲಪ್ಪ ಗುರುವಿನ ಕಾಲಿಗೆರಗಿದ.

"ಅವ್ವಾ, ಒಂದು ಮಾತು ತಿಳಿಯದೆಯೇ ಹೋಗುತ್ತಿದ್ದೇನೆ. ಹುಳಕ್ಕೆ ಎಷ್ಟು ಎಲೆ ಬಿಡಬೇಕು? ನೀವು ಇಷ್ಟು ಎಂದು ಹೇಳಿದರೆ ಇನ್ನು ಮುಂದೆ ಚಪ್ಪರ ನೋಡಿಕೊಳ್ಳುವವರಿಗೂ ಹೇಳಿ ಹೋಗುತ್ತೇನೆ."

ನೀಲವ್ವ ಬುರುಡೆಯನ್ನೆತ್ತಿ ಅವನ ಹೆಗಲಿಗೆ ಹಾಕಿದರು.

"ನಿನಗೆ ಎಷ್ಟು ಕಾಯಿ ಬೇಕಿತ್ತು?"