ಸೊಟ್ಟ ಸಾಲು

"ಗುರುಗಳೇ, ನಿನ್ನೆಯ ವಾದದಲ್ಲಿ ನಾನು ಸೋತೆ, ನಿಜ. ಆದರೆ ಎದುರಾಳಿ ಕೂಗಾಡಿ ಗೆದ್ದ, ನಾನು ದನಿ ಏರಿಸಲಿಲ್ಲ. ಧರ್ಮದಿಂದ ನೋಡಿದರೆ ಗೆಲುವು ನನ್ನದೇ ಅಲ್ಲವೇ?"

ಈ ಮಾತನ್ನು ಶಿಷ್ಯ ಬೆಳಗಿನಿಂದ ಅಡುಗೆಯವರಿಗೆ ಹೇಳಿದ್ದ, ತೋಟದವರಿಗೆ ಹೇಳಿದ್ದ, ನೀರು ಕುಡಿಯಲು ಬಂದ ದಾರಿಹೋಕನನ್ನೂ ಬಿಟ್ಟಿರಲಿಲ್ಲ. ಗುರುಗಳು ನಕ್ಕು, "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಆ ಊರಿನಲ್ಲಿ ಮೊದಲ ಉಳುಮೆಯ ದಿನ ಒಂದು ಪಂದ್ಯ ನಡೆಯುತ್ತಿತ್ತು. ಇಬ್ಬರು ರೈತರು ತಮ್ಮ ತಮ್ಮ ಹೊಲದಲ್ಲಿ ಈ ಬದುವಿನಿಂದ ಆ ಬದುವಿಗೆ ಒಂದೊಂದು ಸಾಲು ಹೊಡೆಯಬೇಕು. ನಡುವೆ ನಿಲ್ಲುವಂತಿಲ್ಲ, ನೇಗಿಲು ಎತ್ತುವಂತಿಲ್ಲ. ಹಿರಿಯರು ಬದುವಿನ ಮೇಲೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಯಾರ ಸಾಲು ನೆಟ್ಟಗಿದೆಯೋ ಅವನು ಗೆದ್ದ. ಸೋತವನು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ಸುತ್ತಬೇಕು.

ನಮ್ಮ ರೈತ ಎರಡು ವರ್ಷ ಪಕ್ಕದ ಹೊಲದವನನ್ನು ಹೊತ್ತು ತಿರುಗಿದ್ದ. ಆ ಪುಣ್ಯಾತ್ಮನೋ ಒಳ್ಳೆಯ ದಢೂತಿ ಆಸಾಮಿ. ಈ ಸಲ ಅವನ ಹೆಗಲೇರಲೇಬೇಕೆಂದು ರೈತ ವರ್ಷವಿಡೀ ಎತ್ತುಗಳನ್ನು ಪಳಗಿಸಿದ. ಕನಸಿನಲ್ಲೂ ಅವನಿಗೆ ನೆಟ್ಟನೆಯ ಸಾಲೇ ಕಾಣುತ್ತಿತ್ತು.

ಪಂದ್ಯದ ದಿನ ಎತ್ತುಗಳು ಹೇಳಿದಂತೆ ಕೇಳಿದವು. ಸಾಲು ದಾರ ಹಿಡಿದಂತೆ ಸಾಗಿತು. ಪಕ್ಕದವನ ಸಾಲು ಆಗಲೇ ಕೊಂಚ ವಾಲಿತ್ತು. ಅರ್ಧ ಹೊಲ ದಾಟುವಷ್ಟರಲ್ಲಿ ಒಂದು ಟಿಟ್ಟಿಭ ಹಕ್ಕಿ ರೆಕ್ಕೆ ಬಿಚ್ಚಿ ಎತ್ತುಗಳಿಗೇ ಅಡ್ಡ ನಿಂತಿತು. ಅದರ ಹಿಂದೆ, ನೇಗಿಲು ಹೋಗುವ ದಾರಿಯಲ್ಲೇ, ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆಗಳು. ಹಾಳು ಹಕ್ಕಿಗೆ ಬೇರೆ ಜಾಗವೇ ಸಿಗಲಿಲ್ಲವೇ ಎಂದು ರೈತ ಶಪಿಸುತ್ತಲೇ ಹಗ್ಗ ಎಳೆದ. ಎತ್ತುಗಳು ಗೂಡನ್ನು ಬಳಸಿಕೊಂಡು ಹೋದವು.

ಬದುವಿನ ಮೇಲಿದ್ದ ಜನ ಬಿದ್ದು ಬಿದ್ದು ನಕ್ಕರು. ರೈತ ಕಾರಣ ಹೇಳಲು ಬಾಯಿ ತೆರೆದ. ಎದುರಿಗೆ ಊರಿಗೆ ಊರೇ ನಿಂತಿತ್ತು. ಮೊಟ್ಟೆ ಎಂದರೆ ಸಾಕು, ನೋಡಲು ಅಷ್ಟೂ ಜನ ಹೊಲಕ್ಕೆ ನುಗ್ಗುತ್ತಾರೆ. ಮಣ್ಣಿನ ಬಣ್ಣದ ಮೊಟ್ಟೆ ಯಾರ ಕಾಲಿನ ಕೆಳಗೆ ಹೋಯಿತೆಂದು ಯಾರಿಗೆ ತಿಳಿಯಬೇಕು? ತೆರೆದ ಬಾಯಿ ಮುಚ್ಚಿ, ಹೆಗಲು ಕೊಟ್ಟ.

ಮೊದಲ ಬೀದಿಯಲ್ಲಿ ಹೆಗಲು ನೋಯಿತು, ಮನಸ್ಸೂ ನೋಯಿತು. ಎರಡನೆಯ ಬೀದಿಯಲ್ಲಿ, ಎತ್ತುಗಳನ್ನೇ ಹೆದರಿಸಲು ನಿಂತ ಆ ಗೇಣುದ್ದದ ಹಕ್ಕಿ ನೆನಪಾಯಿತು. ತಡೆಯಲಾರದಷ್ಟು ನಗು ಬಂತು. ತಮಟೆಯ ಸದ್ದಿಗೆ ಅವನು ಕುಣಿಯತೊಡಗಿದ.

ಮೇಲಿದ್ದವನು ಗಾಬರಿಯಿಂದ ಅವನ ತಲೆ ತಬ್ಬಿಕೊಂಡ. "ಏನಯ್ಯಾ, ಸೋತವನು ನೀನೋ ನಾನೋ? ಬೀಳ್ತೀನಿ ಕಣೋ!"

"ಗಟ್ಟಿಯಾಗಿ ಹಿಡ್ಕೋ ಮಾರಾಯ, ಇವತ್ತು ಕಾಲು ನನ್ನ ಮಾತು ಕೇಳ್ತಿಲ್ಲ!"

ಪೈರು ಮೊಳೆತಾಗ ಸೊಟ್ಟ ಸಾಲು ಹಸಿರಾಗಿ ಎದ್ದು ಕಂಡಿತು. ಹೋಗುವವರು ಬರುವವರೆಲ್ಲ ಆಡಿಕೊಂಡರು. ಅವರೊಂದಿಗೆ ರೈತನೂ ನಕ್ಕ. ಅಷ್ಟರಲ್ಲಿ ನಾಲ್ಕು ಮರಿಗಳು ಆ ಸಾಲಿನ ತುಂಬ ಓಡಾಡುತ್ತಿದ್ದವು.

ಕತೆ ಮುಗಿಯಿತು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಲ್ಲ ಗುರುಗಳೇ, ಒಂದೇ ಒಂದು ಮಾತು ಹೇಳಿದ್ದರೆ ಅವನ ಮಾನ ಉಳಿಯುತ್ತಿತ್ತಲ್ಲ?"

"ಉಳಿಯುತ್ತಿತ್ತು, ಮೊಟ್ಟೆ ಉಳಿಯುತ್ತಿರಲಿಲ್ಲ" ಎಂದರು ಗುರುಗಳು.

ಅಷ್ಟರಲ್ಲಿ ಇನ್ನೊಬ್ಬ ದಾರಿಹೋಕ ನೀರು ಕೇಳಿಕೊಂಡು ಬಂದ; ಶಿಷ್ಯ ಅವನಿಗೆ ಬರೀ ನೀರು ಕೊಟ್ಟು ಕಳಿಸಿದ.