ಗೀಜಗನ ತಲೆಬಾಗಿಲು

ಈಗ ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ಹೋಳಿಗೆಗೆ ತುಪ್ಪ ಬೇಡ. ತುಪ್ಪದ ಮೇಲೆ ಸುಮ್ಮಸುಮ್ಮನೆ ಆಣೆ ಇಡುವ ಆಸಾಮಿ ನಾನಲ್ಲ. ಇಟ್ಟಿದ್ದೇನೆ ಅಂದಮೇಲೆ ಸಂಗತಿ ಎಷ್ಟು ನಿಜ ಅಂತ ನೀವೇ ತಿಳಿದುಕೊಳ್ಳಿ, ಮಕ್ಕಳೇ. ಇದನ್ನು ಕಣ್ಣಾರೆ ಕಂಡವರು ಬೇರೆ ಯಾರೂ ಅಲ್ಲ, ನಮ್ಮ ವಂಶದವರೇ.

ಆಗ ಲೋಕ ಹೊಸತು. ಎಷ್ಟು ಹೊಸತು ಅಂದರೆ, ಭೂಮಿಗೆ ಬಳಿದ ಗಿಲಾವು ಇನ್ನೂ ಆರಿರಲಿಲ್ಲ. ಬೆಟ್ಟಕ್ಕೆ ಒರಗಿದರೆ ಬೆನ್ನಿಗೆ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಆಕಾಶಕ್ಕೆ ಒಂದು ಕೈ ಸುಣ್ಣ ಹೊಡೆದಾಗಿತ್ತು, ಇನ್ನೊಂದು ಕೈ ಬಾಕಿ ಇತ್ತು.

ಹೊಸ ಲೋಕದಲ್ಲಿ ಎಲ್ಲರಿಗೂ ಒಂದೇ ಧ್ಯಾನ: ಮನೆ. ಇರುವೆಗೆ ಮನೆಯ ಧ್ಯಾನ, ಏಡಿಗೆ ಮನೆಯ ಧ್ಯಾನ, ಗೆದ್ದಲಿಗೆ ಮನೆಯ ಧ್ಯಾನ. ಯಾರೂ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಇವರಿಗೆಲ್ಲ ಸಲಹೆ ಕೊಡುತ್ತಿದ್ದವನು ನಮ್ಮ ಮೂಲಪುರುಷ ತಿಪ್ಪಣ್ಣ. ಲೋಕದ ಮೊಟ್ಟಮೊದಲ ಸೋದರಮಾವ ಅವನೇ. ಕಟ್ಟುವುದೊಂದನ್ನು ಬಿಟ್ಟರೆ ಮನೆ ಕಟ್ಟುವ ವಿದ್ಯೆಯೆಲ್ಲ ಅವನಿಗೆ ಹುಟ್ಟುತ್ತಲೇ ಬಂದಿತ್ತು.

ಸೆಖೆ ತಡೆಯಲಾಗುವುದಿಲ್ಲ ಅಂತ ಗೆದ್ದಲು ಗೋಳಿಟ್ಟಾಗ, ನೆತ್ತಿಯ ಹತ್ತಿರ ಕಂಡಿ ಬಿಡು, ಬಿಸಿಗಾಳಿ ತಾನೇ ಮೇಲಕ್ಕೆ ಹೋಗುತ್ತದೆ ಅಂದವನು ತಿಪ್ಪಣ್ಣ. ಗೋಡೆ ಬಿರುಕು ಬಿಡುತ್ತದೆ ಅಂತ ಕಡಜದ ಹುಳು ಅತ್ತಾಗ, ಒಂದು ಪದರ ಆರಿದ ಮೇಲೆ ಇನ್ನೊಂದು ಪದರ ಮೆತ್ತು, ಅವಸರದ ಗೋಡೆಗೆ ಆಯುಸ್ಸು ಕಡಿಮೆ ಅಂದವನೂ ತಿಪ್ಪಣ್ಣನೇ. ಬಸವನಹುಳು ಮಾತ್ರ ನೆರೆಹೊರೆಯವರ ಕಾಟ ಅಂತ ದಿನಾ ಬಂದು ತಲೆ ತಿಂದಿತು. ಹಾಗಾದರೆ ಮನೆ ಹೊತ್ತುಕೊಂಡೇ ಓಡಾಡು ಅಂದುಬಿಟ್ಟ. ಅವನೇನೋ ಸಿಟ್ಟಿನಲ್ಲಿ ಅಂದಿದ್ದು. ಹುಳು ಅದನ್ನು ನಿಜವೆಂದೇ ನಂಬಿ ಹೊತ್ತುಕೊಂಡಿತು.

ಇಂಥ ತಿಪ್ಪಣ್ಣನ ಹತ್ತಿರ ಒಂದು ದಿನ ಗೀಜಗ ಹಾರಿ ಬಂದ.

ಗೀಜಗನ ಮುಖ ಬಾಡಿತ್ತು. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಅವನು ಮನೆ ಕಟ್ಟಿದ್ದ. ಎಲ್ಲರಂತೆ ಕೊಂಬೆಯ ಕವಲಿನಲ್ಲಿ, ಬಟ್ಟಲಿನ ಹಾಗೆ. ಪಡುವಣ ಗಾಳಿ ಬಂತು, ಬಟ್ಟಲನ್ನು ಮಗುಚಿತು. ಒಳಗಿದ್ದ ಮೊಟ್ಟೆ ಬಾವಿಗೆ ಬಿತ್ತು. ಈಗ ಅವನ ಹೆಂಡತಿ ಮತ್ತೆ ಮೊಟ್ಟೆಯಿಡಬೇಕು, ಮಳೆಗಾಲ ಮತ್ತೆ ಹೊಸ್ತಿಲಿಗೆ ಬಂದಿದೆ.

"ಗಟ್ಟಿ ಮನೆ ಕಾಣುವವರೆಗೂ ಕೊಂಬೆ ಮೇಲೆ ಕೂರೋದಿಲ್ಲ ಅಂತಿದ್ದಾಳೆ ಮಾವ," ಅಂದ ಗೀಜಗ. "ಈ ಸಲವೂ ಬಾವಿಗೆ ಬಿದ್ದರೆ ನನ್ನ ಬಿಟ್ಟು ಹೋಗ್ತಾಳೆ."

ತಿಪ್ಪಣ್ಣ ಎಲೆಯಡಿಕೆ ದವಡೆಗೆ ಸರಿಸಿದ. ಗಾಳಿಗೆ ಎದುರು ನಿಂತದ್ದು ಮುರಿಯುತ್ತದೆ, ತೂಗಾಡುವುದು ಉಳಿಯುತ್ತದೆ, ಆದ್ದರಿಂದ ಮನೆಯನ್ನು ಕೊಂಬೆಯ ತುದಿಗೆ ನೇತುಹಾಕು ಅಂದ. ಮಳೆ ಬರುವುದು ಪಡುವಲಿಂದ, ನೀನು ಮೂಡಲ ಮಗ್ಗುಲಲ್ಲಿ ಕಟ್ಟು ಅಂದ. ಹುಲ್ಲಿನ ಗರಿಯನ್ನು ಹಸಿಯಿದ್ದಾಗಲೇ ಹೆಣೆ, ಒಣಗಿದ್ದು ಬಾಗುವುದಿಲ್ಲ ಅಂದ. ಹಗುರಾದ ಮನೆ ಹೆಚ್ಚು ಕುಣಿಯುತ್ತದೆ, ಒಳಗೋಡೆಗೆ ಒಂದಿಷ್ಟು ಜೇಡಿಮಣ್ಣು ಮೆತ್ತು ಅಂದ. ಹೇಳಿದ್ದೆಲ್ಲ ಚಿನ್ನದಂಥ ಮಾತು. ನಮ್ಮ ವಂಶವಲ್ಲವೇ.

ಕೊನೆಗೆ ಅಂದ, "ಏನೇ ಮಾಡು, ತಲೆಬಾಗಿಲು ಚೆನ್ನಾಗಿರಲಿ. ಬಂದವರು ಮೊದಲು ನೋಡೋದು ಅದನ್ನೇ."

"ತಲೆಬಾಗಿಲು ಅಂದರೆ ಯಾವ ಕಡೆ ಬರತ್ತೆ ಮಾವ?"

ತಿಪ್ಪಣ್ಣನ ಬಾಯಿ ತುಂಬ ಎಲೆಯ ರಸ. ಬಿಡಿಸಿ ಹೇಳುವ ವ್ಯವಧಾನ ಇಲ್ಲ. "ಹೆಸರೇ ಹೇಳ್ತದಲ್ಲೋ. ತಲೆ ಯಾವ ಕಡೆಯೋ ಬಾಗಿಲೂ ಆ ಕಡೆ."

ಗೀಜಗ ಹಾರಿದ. ಹುಲ್ಲು ಸೀಳಿ ತಂದ, ಹೆಣೆದ. ಮನೆ ಟೋಪಿಯಷ್ಟಾದಾಗ ಹೆಂಡತಿ ಬಂದು ಕೊಕ್ಕಿನಿಂದ ಜಗ್ಗಿ ನೋಡಿದಳು. ಗಂಟು ಸಡಿಲ ಅಂದಳು. ಅದನ್ನು ಅಲ್ಲೇ ಬಿಟ್ಟ, ಇನ್ನೊಂದಕ್ಕೆ ತೊಡಗಿದ. ಮತ್ತೆ ಟೋಪಿಯಷ್ಟಾಯಿತು, ಮತ್ತೆ ಜಗ್ಗಿದಳು. ಈ ಕೊಂಬೆ ಬಿಸಿಲಿಗೆ ಒಣಗಿದೆ ಅಂದಳು. ಅದನ್ನೂ ಬಿಟ್ಟ. ಪಡುವಲಲ್ಲಿ ಮೋಡ ಕಪ್ಪಾಗುತ್ತಿತ್ತು. ಗೀಜಗ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಾರಿದ, ಸೀಳಿದ, ತಂದ, ಹೆಣೆದ.

ಕಡೆಗೊಂದು ಟೋಪಿಯನ್ನು ಅವಳು ಜಗ್ಗಿದಳು, ಮತ್ತೂ ಜಗ್ಗಿದಳು, ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ ಅಂದರೆ ಒಪ್ಪಿಗೆ ಅಂತ ಆ ಹೊಸ ಲೋಕದಲ್ಲೂ ಗೊತ್ತಿತ್ತು. ಗೀಜಗ ಅದನ್ನೇ ಮುಂದುವರಿಸಿದ. ಗೂಡಿನ ಹೊಟ್ಟೆ ಹೆಣೆದ, ಮಣ್ಣು ಮೆತ್ತಿದ. ಉಳಿದದ್ದು ಬಾಗಿಲೊಂದೇ.

ತಲೆ ಯಾವ ಕಡೆಯೋ ಬಾಗಿಲೂ ಆ ಕಡೆ ಅಂದಿದ್ದನಲ್ಲ ಮಾವ. ಗೀಜಗ ನೋಡಿಕೊಂಡ. ನೇತಾಡುವ ಮನೆಯನ್ನು ಹೆಣೆಯುವವನು ತಾನೂ ನೇತಾಡಬೇಕಷ್ಟೆ. ಕಾಲು ಮೇಲಿತ್ತು, ತಲೆ ಕೆಳಗಿತ್ತು. ಸರಿ, ಕೆಳಗೇ ಬಾಗಿಲಿಟ್ಟ. ಚೆನ್ನಾಗಿರಲಿ ಅಂದಿದ್ದಕ್ಕೆ ಅದಕ್ಕೊಂದು ಉದ್ದನೆಯ ಕೊಳವೆಯನ್ನೂ ಇಳಿಬಿಟ್ಟ.

ನೋಡಲು ಬಂದ ತಿಪ್ಪಣ್ಣ ಮರವನ್ನು ಸುತ್ತಿ ಸುತ್ತಿ ಬಾಗಿಲು ಹುಡುಕಿದ. ಕಡೆಗೆ ಬಾವಿಕಟ್ಟೆಯ ಮೇಲೆ ಅಂಗಾತ ಮಲಗಿ ನೋಡಿದಾಗ ಕಂಡಿತು.

"ತಲೆಬಾಗಿಲು ಇಡೋ ಅಂದ್ರೆ ಕಾಲಬಾಗಿಲು ಇಟ್ಟಿದ್ದೀಯಲ್ಲೋ ಪುಣ್ಯಾತ್ಮ. ಇದಕ್ಕೆ ಹೊಸ್ತಿಲು ಎಲ್ಲಿ ಹಾಕ್ತೀಯ, ರಂಗೋಲಿ ಗಾಳಿಯಲ್ಲಿ ಬಿಡ್ತೀಯಾ?"

ಪಕ್ಕದ ಮರದ ಕಾಗೆ ನಕ್ಕಿತು. ಜಾಲಿಮರವೂ ಮುಳ್ಳು ಅಲುಗಿಸಿ ನಕ್ಕಿತು. ಗೀಜಗನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಕೊಳವೆಯನ್ನು ಕಿತ್ತುಹಾಕಲು ಕೊಕ್ಕು ಚಾಚಿದ. ಅಷ್ಟರಲ್ಲಿ ಮೊದಲ ಹನಿ ಬಿತ್ತು, ತಿಪ್ಪಣ್ಣ ಮನೆಗೆ ಓಡಿದ.

"ಕೀಳಬೇಡಿ," ಅಂದಳು ಹೆಂಡತಿ. "ನನಗೆ ಮೊಟ್ಟೆಯಿಡೋ ಹೊತ್ತಾಯಿತು." ಅಂದವಳೇ ಕೆಳಗಿನಿಂದ ಕೊಳವೆಯೊಳಗೆ ನುಗ್ಗಿದಳು.

ಪಡುವಣ ಗಾಳಿ ಬಂತು. ಅದಕ್ಕೆ ಅಂದಿನಿಂದಲೂ ಒಂದೇ ಚಟ, ಕಂಡವರ ಮನೆಯ ಬಾಗಿಲು ತಳ್ಳುವುದು. ಬರುವ ದಾರಿಯಲ್ಲೇ ತಿಪ್ಪಣ್ಣನ ಬಾಗಿಲು ತಳ್ಳಿ, ಒಳಗೆ ಹೊಕ್ಕು, ಚಾವಣಿ ಎತ್ತಿಕೊಂಡು ಬಂದಿತ್ತು. ಕಾಗೆಯ ಗೂಡನ್ನು ಕೆದರಿತು. ಆಮೇಲೆ ಗೀಜಗನ ಮನೆಗೆ ಬಂತು.

ಬಾಗಿಲೆಲ್ಲಿ, ಬಾಗಿಲೆಲ್ಲಿ ಅಂತ ಎಡಗಡೆ ತಡಕಿತು, ಇರಲಿಲ್ಲ. ಬಾಗಿಲೆಲ್ಲಿ, ಬಾಗಿಲೆಲ್ಲಿ ಅಂತ ಬಲಗಡೆ ತಡಕಿತು, ಅಲ್ಲೂ ಇರಲಿಲ್ಲ. ನೆತ್ತಿಯ ಮೇಲೆ ಗುದ್ದಿತು. ಮನೆ ಅತ್ತ ತೂಗಿತು, ಇತ್ತ ತೂಗಿತು, ಹರಿಯಲಿಲ್ಲ. ಗೀಜಗ ಕೊಳವೆಯ ತುದಿಗೆ ಜೋತುಬಿದ್ದು ಕಣ್ಣು ಮುಚ್ಚಿಕೊಂಡ. ಅವನ ಕೆಳಗೆ ಬಾವಿ ಬಾಯ್ತೆರೆದುಕೊಂಡಿತ್ತು.

ಒಳಗಿನಿಂದ ಹೆಂಡತಿಯ ದನಿ ಬಂತು.

"ಏನೂಂದ್ರೆ, ಮೊಟ್ಟೆ ಉರುಳ್ತಿದೆ. ಬಾಗಿಲ ಕಡೆಗೇ ಬರ್ತಿದೆ."

ಬಾಗಿಲು ಕೆಳಗಿದ್ದರೆ ಉರುಳಿದ್ದು ಕೆಳಗೇ ತಾನೇ ಹೋಗಬೇಕು. ಗೀಜಗನಿಗೆ ಇದು ಹೊಳೆದೇ ಇರಲಿಲ್ಲ. ನಮ್ಮ ತಿಪ್ಪಣ್ಣನಿಗೂ ಹೊಳೆದಿರಲಿಲ್ಲ, ಅದನ್ನು ಮಾತ್ರ ಯಾರಿಗೂ ಹೇಳಬೇಡಿ.

"ನಾನೇನು ಮಾಡಲೇ?" ಅಂದ ಗೀಜಗ.

"ನೀವು ಹುಲ್ಲು ಕೊಡಿ. ಹೊಸ್ತಿಲು ನಾನು ಹಾಕ್ಕೋತೀನಿ."

ಗಾಳಿಯಲ್ಲಿ ಎಲ್ಲಿಗೆ ಹಾರುವುದು? ಗೀಜಗ ಕೊಳವೆಯ ತುದಿಯಿಂದಲೇ ಒಂದೊಂದು ಎಳೆ ಬಿಚ್ಚಿದ, ಒಳಗೆ ಚಾಚಿದ. ಅವಳು ರೆಕ್ಕೆಯಿಂದ ಮೊಟ್ಟೆಯನ್ನು ತಡೆದು, ಕೊಕ್ಕಿನಿಂದ ಹೆಣೆದಳು. ಅವನು ಬಿಚ್ಚಿದ, ಅವಳು ಹೆಣೆದಳು. ಕೊಳವೆ ಗಿಡ್ಡವಾಗುತ್ತ ಬಂತು, ಹೊಸ್ತಿಲು ಎತ್ತರವಾಗುತ್ತ ಬಂತು. ಗಾಳಿ ಬಾಗಿಲೆಲ್ಲಿ, ಬಾಗಿಲೆಲ್ಲಿ ಅಂತ ಹೊರಗೆ ಸುತ್ತುತ್ತಲೇ ಇತ್ತು.

ಮೊಟ್ಟೆ ಉರುಳಿಕೊಂಡು ಬಂತು. ಹೊಸ್ತಿಲಿಗೆ ಮೆಲ್ಲಗೆ ತಾಗಿತು. ನಿಂತಿತು.

ಅವಳು ಏನೂ ಅನ್ನಲಿಲ್ಲ. ಗೀಜಗ ಕಣ್ಣು ತೆರೆದ.

ಸುತ್ತಿ ಸುತ್ತಿ ಸಾಕಾದ ಪಡುವಣ ಗಾಳಿ, ಬಾಗಿಲು ಸಿಗದೆ, ಬಾವಿಕಟ್ಟೆಯ ಮೇಲೆ ಕೂತು ಒಂದು ಗಳಿಗೆ ಸುಧಾರಿಸಿಕೊಂಡಿತು. ಅಷ್ಟು ಹೊತ್ತಿಗೆ ಚಾವಣಿ ಹುಡುಕಿಕೊಂಡು ಬಂದ ತಿಪ್ಪಣ್ಣ ನೆನೆದ ಮೈಯಲ್ಲೇ ಮರದ ಕೆಳಗೆ ನಿಂತು, ಬಾಗಿಲು ಕೆಳಗಿಡು ಅಂತ ಇವನಿಗೆ ಹೇಳಿಕೊಟ್ಟವನೇ ನಾನು ಅಂತ ಕಾಗೆಯ ಮುಂದೆ ಕೊಚ್ಚಿಕೊಂಡ.

ಆದ್ದರಿಂದಲೇ ನೋಡಿ, ಇವತ್ತಿಗೂ ಬಾವಿಯ ಮೇಲೆ ತೂಗುವ ಗೀಜಗನ ಗೂಡಿಗೆ ಬಾಗಿಲು ಕೆಳಗಿರುತ್ತದೆ, ಒಳಗೊಂದು ಹೊಸ್ತಿಲಿರುತ್ತದೆ, ಹೆಂಡತಿ ಜಗ್ಗಿ ನೋಡಿ ಬೇಡವೆಂದ ಅರ್ಧ ಟೋಪಿಗಳು ಅದೇ ಮರದಲ್ಲಿ ಖಾಲಿ ಓಲಾಡುತ್ತಿರುತ್ತವೆ.

ಇಷ್ಟೂ ನಿಜ. ಆದರೆ ಗಾಳಿ ಬಾವಿಕಟ್ಟೆಯ ಮೇಲೆ ಕೂತಿತು ಅಂದೆನಲ್ಲ, ಅದೊಂದನ್ನು ಮಾತ್ರ ಕಥೆಯ ಚಂದಕ್ಕೆ ನಾನು ಸೇರಿಸಿದ್ದು. ಗಾಳಿ ಅಂದೂ ಕೂರಲಿಲ್ಲ, ಇನ್ನೂ ಕೂತಿಲ್ಲ.