ಎತ್ತಿಕೋ ಮೆಟ್ಟಿಲು

ಸಿಡಿಗಲ್ಲು ದುರ್ಗದಲ್ಲಿ ಈಗ ಉಳಿದಿರುವುದು ಅರ್ಧ ಕುಸಿದ ಎರಡು ಬುರುಜು, ಕದವಿಲ್ಲದ ಹೆಬ್ಬಾಗಿಲು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಸುತ್ತುಗೋಡೆ, ಅರಮನೆಯ ಪಾಯದಲ್ಲಿ ಮೇಯುವ ಮೇಕೆಗಳು. ಮೋಡ ಇಳಿದ ದಿನ ಕೋಟೆ ನೆಲ ಬಿಟ್ಟು ತೇಲುತ್ತಿದೆಯೇನೋ ಅನ್ನಿಸುತ್ತದೆ. ಹೆಬ್ಬಾಗಿಲು ದಾಟಿದರೆ ಎರಡು ಗೋಡೆಗಳ ನಡುವೆ ಇಕ್ಕಟ್ಟಾದ ಮೆಟ್ಟಿಲುಸಾಲು. ಅದರಲ್ಲಿ ಏಳನೆಯದು ಮಾತ್ರ ಮೊಣಕಾಲೆತ್ತರ. ಕಲ್ಲುಕುಟಿಗನ ಅಳತೆ ತಪ್ಪಿತೆಂದು ನಗಬೇಡಿ. ನುಗ್ಗಿ ಬರುವ ಶತ್ರು ಅಲ್ಲೇ ಮುಗ್ಗರಿಸಲೆಂದು ಬೇಕೆಂದೇ ಇಟ್ಟ ಕಲ್ಲು ಅದು. ಕೋಟೆಯವರ ಕಾಲು ಮಾತ್ರ ನೋಡದೆಯೇ ಅಲ್ಲಿ ತಾನಾಗಿ ಮೇಲೇಳುತ್ತಿತ್ತಂತೆ.

ಹಿಂದೆ ಒಮ್ಮೆ ಈ ದುರ್ಗವನ್ನು ಸಿರಿಯವ್ವ ನಾಗತಿ ಎಂಬ ವಿಧವೆ ಆಳುತ್ತಿದ್ದಳು. ಅವಳ ಒಬ್ಬನೇ ಮಗ ಕಾಟಯ್ಯನನ್ನು ನಾಲ್ಕನೆಯ ವಯಸ್ಸಿನಲ್ಲಿ ಶತ್ರುಗಳು ಹೊತ್ತೊಯ್ದಿದ್ದರು. ಇಪ್ಪತ್ತು ವರ್ಷದ ಮೇಲೆ ‘ನಾನೇ ಕಾಟಯ್ಯ’ ಎಂದು ಒಬ್ಬೊಬ್ಬರಾಗಿ ಬರತೊಡಗಿದರು. ಗದ್ದುಗೆ ಎಂದರೆ ಯಾರಿಗೆ ಬಾಯಲ್ಲಿ ನೀರೂರದು! ದಳವಾಯಿ ಹಂಪಯ್ಯ ಒಂದು ಪರೀಕ್ಷೆ ಹೂಡಿದ: ಬಂದವನು ಮೆಟ್ಟಿಲು ಹತ್ತಲಿ, ಎಡವಿದವನು, ತಡವರಿಸಿದವನು ಸುಳ್ಳ, ಅವನನ್ನು ಬುರುಜಿನಿಂದ ಕೆಳಗೆ ನೂಕುವುದು. ಇಬ್ಬರು ಎಡವಿದರು, ಇಬ್ಬರೂ ಹೋದರು. ನಾಗತಿಗೂ ಪರೀಕ್ಷೆ ಸರಿಯೆನಿಸಿತ್ತು. ಆದರೂ ಆ ದಿನಗಳಲ್ಲಿ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೂರನೆಯವನು ಬಂದದ್ದು ಮಾರ್ಗಶಿರದ ಮಂಜಿನಲ್ಲಿ. ಮುಖದ ತುಂಬ ಗಾಯದ ಕಲೆ. ತಾಯಿಗೂ ಗುರುತು ಹತ್ತಲಿಲ್ಲ. ಆರು ಮೆಟ್ಟಿಲು ಹತ್ತಿ, ಏಳನೆಯದರ ಮುಂದೆ ಅವನು ಸುಮ್ಮನೆ ನಿಂತುಬಿಟ್ಟ. ನಿದ್ದೆಗಣ್ಣಿನಲ್ಲಿದ್ದವನಂತೆ ಅವನ ಎರಡೂ ಕೈ ಮೆಲ್ಲಗೆ ಮೇಲೆದ್ದವು.

“ಇವ್ನೂ ತಡವರಿಸ್ದ ತಾಯಿ, ಅಪ್ಪಣೆ ಕೊಡಿ,” ಎಂದ ದಳವಾಯಿ.

ಎತ್ತಿದ ಆ ಕೈ ನೋಡಿ ನಾಗತಿಗೆ ತಟ್ಟನೆ ನೆನಪಾಯಿತು. ನಾಲ್ಕು ವರ್ಷದ ಕೂಸು ಮೊಣಕಾಲೆತ್ತರದ ಕಲ್ಲನ್ನು ಯಾವತ್ತು ಹತ್ತಿತ್ತು? ದಿನಾ ಗುಡಿಯಿಂದ ಮರಳುವಾಗ ಅಲ್ಲಿಗೆ ಬಂದು ನಿಂತು, ಕೈಯೆತ್ತಿ, “ಎತ್ಕೋ ಅವ್ವಾ” ಎನ್ನುತ್ತಿತ್ತು. ಇಡೀ ಕೋಟೆ ಅದನ್ನು ಮರೆತಿತ್ತು, ಹೆತ್ತವಳೂ ಮರೆತಿದ್ದಳು. ಅವಳು ಓಡಿ ಇಳಿದಳು. ಆಳೆತ್ತರದ ಮಗನನ್ನು ಎತ್ತಲಾಗದೆ, ಆ ಕಲ್ಲಿನ ಮೇಲೇ ಕುಳಿತು, ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು, “ಭಾರ ಆಗ್ಬಿಟ್ಟಿದೀಯಲ್ಲೋ ಮಗಾ” ಎಂದು ಅತ್ತಳು ಎನ್ನುತ್ತಾರೆ.

ಅಂದಿನಿಂದ ಅದಕ್ಕೆ ಎತ್ತಿಕೋ ಮೆಟ್ಟಿಲು ಎಂದೇ ಹೆಸರು. ಈಗಲೂ ದುರ್ಗ ನೋಡಲು ಬಂದವರು, ಮಕ್ಕಳು ತಾವೇ ಹತ್ತಬಲ್ಲವರಾದರೂ, ಅಲ್ಲಿ ಅವರನ್ನು ಎತ್ತಿಕೊಂಡೇ ದಾಟಿಸುತ್ತಾರೆ. ಮೀಸೆ ಮೂಡಿದ ಹುಡುಗರು ನಾಚಿ ಮುಂದೆ ಓಡುತ್ತಾರೆ. ಅವರ ತಾಯಂದಿರು ಆ ಕಲ್ಲಿನ ಮೇಲೆ ಒಂದು ಗಳಿಗೆ ಕುಳಿತು ಏಳುತ್ತಾರೆ.